ಸಂಪರ್ಕರೇಖೆಯ ಸಂಚಾರ ಮತ್ತು ಅದರ ದೋಷಪರಿಹಾರ

ಪದ್ಯದಲ್ಲಿ ಪದಗಳು ದೂರದೂರ ನಿಂತಾಗ ಅವುಗಳ ಸಂಬಂಧವನ್ನರಿಯಲು ಅನ್ವಯವು ಬೇಕಾಗುವುದಷ್ಟೆ. ಗಣಕಯಂತ್ರದಲ್ಲಿ ರಚಿಸುವ ನಕ್ಷೆಗಳಲ್ಲಿ ಆ ಕಾರ್ಯವನ್ನು ಒಂದು ಚೌಕದಿಂದ ಮತ್ತೊಂದಕ್ಕೆ ಹಾಯುವ ಸಂಪರ್ಕರೇಖೆಯು ನೆರವೇರಿಸುತ್ತದೆ. ಅದು ದಾರಿ ತಪ್ಪಿದರೆ ನಕ್ಷೆಯ ಅಂದ ಕೆಡುವುದು ಹಾಗಿರಲಿ, ಅರ್ಥವೇ ಕೆಡುತ್ತದೆ.

ಶಿವಮೊಗ್ಗ ಸೀಮೆಯ ಹೊಳೆಗಳ ನಕ್ಷೆಯನ್ನೇ ನೋಡಬಹುದು. ಗಾಜನೂರಿನ ತುಂಗಾ ಅಣೆಕಟ್ಟೆ, ಲಕ್ಕವಳ್ಳಿಯ ಭದ್ರಾ ಜಲಾಶಯ, ಎರಡು ಹೊಳೆಗಳೂ ಸಂಗಮಿಸುವ ಕೂಡಲಿ, ಹೀಗೆ ಮೂರು ಚೌಕಗಳನ್ನು ಬರೆದು ಮೊದಲೆರಡರಿಂದ ಕೂಡಲಿಗೆ ಒಂದೊಂದು ರೇಖೆಯನ್ನೆಳೆದರೆ ವಿಷಯವು ಸ್ಪಷ್ಟ. ಸ್ಥಳ ಸಾಲದೆ ಉಪಾಧ್ಯಾಯರು ಭದ್ರೆಯ ಚೌಕವನ್ನು ತುಸು ಸರಿಸಿದೊಡನೆ ತುಂಗೆಯ ರೇಖೆಯು ಅದರ ಬೆನ್ನ ಹಿಂದೆ ಹಾಯ್ದಂತಾಯಿತೆನ್ನಿ. ತುಂಗೆಯ ನೀರು ಭದ್ರಾ ಜಲಾಶಯಕ್ಕೆ ಸೇರುತ್ತದೆಂದೇ ವಿದ್ಯಾರ್ಥಿಯು ಓದಿಕೊಳ್ಳುವನು. ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರೆಗೆ ಎತ್ತುವ ಉದ್ದೇಶವು ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಇರುವುದರಿಂದ ಬಲ್ಲವರೂ ಇಲ್ಲಿ ಮೋಸಹೋಗುವುದು ಸಹಜ. ಆ ಯೋಜನೆಯನ್ನು ತೋರಿಸಲು ಬೇರೊಂದು ರೇಖೆಯೇ ಬೇಕು.

ದೋಷದ ಮೂಲವೆಲ್ಲಿ? ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟಿತವಾದ ವಿಮಾನನಿಲ್ದಾಣದ ಓಡುಪಥವು ಸುಮಾರು 3,200 ಮೀಟರು ಉದ್ದವಿದೆ. ಅದರ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕಾದವನು ನಡುವೆ ಹಾಯಲಾರ, ಅಂಚನ್ನು ಬಳಸಿಯೇ ಹೋಗಬೇಕು. ರೇಖೆಗೂ ಇದೇ ನಿಯಮ. ಆದರೆ ಅನೇಕ ತಂತ್ರಾಂಶಗಳು ಸರಿಸಿದ ಚೌಕಕ್ಕೆ ಅಂಟಿದ ರೇಖೆಗಳನ್ನು ಮಾತ್ರ ಮರಳಿ ಗಣಿಸುತ್ತವೆ. ತುಂಗೆಯ ರೇಖೆಯು ಭದ್ರೆಗೆ ಅಂಟಿದುದಲ್ಲವಾದ ಕಾರಣ ಅದರ ಗೊಡವೆಗೆ ಯಾರೂ ಹೋಗಲಿಲ್ಲ! ಚೌಕದ ಹೊಸ ನೆಲೆಯನ್ನು ಹಾಯುವ ಸಮಸ್ತ ರೇಖೆಗಳನ್ನೂ ಪುನಃ ಗಣಿಸುವುದೇ ಇದಕ್ಕೆ ಪರಿಹಾರ.

ದಾರಿ ಹುಡುಕುವ ಕ್ರಮವು ಹೊಸದೇನಲ್ಲ. ಅಮೆರಿಕದ ಸಿ. ವೈ. ಲೀ ಎಂಬವರು 1961ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹಾಳೆಯನ್ನು ಚಿಕ್ಕ ಮನೆಗಳಾಗಿ ವಿಭಾಗಿಸಿ, ಹೊರಟ ಮನೆಯಿಂದ ಕೆರೆಯ ತರಂಗದಂತೆ 1, 2, 3 ಎಂದು ಅಂಕೆ ತುಂಬುತ್ತ, ತಡೆಗಳನ್ನು ಬಿಟ್ಟು, ಗುರಿ ಮುಟ್ಟಿದ ಮೇಲೆ ಇಳಿಯಂಕೆಯಲ್ಲಿ ಹಿಂದಿರುಗುವುದು. ದೊರೆತ ದಾರಿಯು ಅತ್ಯಲ್ಪ ದೂರದ್ದೇ ಸರಿ. ಆದರೆ ಮೆಟ್ಟಿಲು ಮೆಟ್ಟಿಲಾಗಿ ತಿರುಚಿಕೊಂಡಿರಲೂಬಹುದು. ಆದುದರಿಂದ ಪ್ರತಿ ತಿರುವಿಗೂ ಇಂತಿಷ್ಟು ದಂಡವನ್ನು ವಿಧಿಸುವರು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಬಳಕೆಯಾದ ಲಿಬ್‌ಅವಾಯ್ಡ್ ದೂರವನ್ನೂ ತಿರುವನ್ನೂ ಕೂಡಿಯೇ ಲೆಕ್ಕಹಾಕುತ್ತದೆ. ಒಂದರ ಮೇಲೊಂದು ಬಿದ್ದ ರೇಖೆಗಳನ್ನು ತುಸು ಅಗಲಿಸಲೂ ಬಲ್ಲುದು.

ರೇಖೆಯ ತುದಿಯನ್ನು ಹಾಳೆಯ ಮೇಲಣ ಸ್ಥಾನಕ್ಕೆ ಕಟ್ಟದೆ ಚೌಕದ ಗುರುತಿಗೇ ಕಟ್ಟಬೇಕೆಂಬುದು ಇನ್ನೊಂದು ಮಾತು. ಇಲ್ಲವಾದರೆ ಚೌಕವು ಸರಿದರೂ ರೇಖೆಯು ಹಳೆಯ ಬಿಡಾರದಲ್ಲೇ ಉಳಿಯುವುದು. ಒಂದು ತಂತ್ರಾಂಶದ ಕಡತವನ್ನು ಮತ್ತೊಂದರಲ್ಲಿ ತೆರೆದಾಗ ಅದು ತನ್ನದೇ ನಿಯಮದಂತೆ ದಾರಿಯನ್ನು ಮರಳಿ ಗಣಿಸುವುದುಂಟು. ಆದಕಾರಣ ಪಾಠದ ನಕ್ಷೆಯನ್ನು ಮುದ್ರಣಕ್ಕೆ ಕಳುಹಿಸುವವರು ಮೂಲ ಕಡತದೊಡನೆ ಪಿ.ಡಿ.ಎಫ್. ಪ್ರತಿಯನ್ನೂ ಇರಿಸಿ, ಕರಡು ಬಂದಾಗ ರೇಖೆ ರೇಖೆಯನ್ನೂ ಅದರೊಡನೆ ತಾಳೆ ನೋಡತಕ್ಕದ್ದು.