ಶೆಡ್ಡಿಲ್ಲದ ಜೀಪಿಗೆ ಪಾಲಿಶ್

ನಮ್ಮ ಸದಸ್ಯರಲ್ಲಿ ಹಲವರ ಜೀಪಿಗೆ ಅಂಗಳವೇ ಶೆಡ್ಡು. ಕಾಫಿ ಮೂಟೆಗೂ ಅಡಿಕೆ ಗೋಣಿಗೂ ಸೂರು ಹೊಂದಿಸಿದ ಮೇಲೆ ವಾಹನಕ್ಕೆ ಜಾಗ ಉಳಿಯುವುದಿಲ್ಲ. ಬಣ್ಣ ಹೋದಲ್ಲಿ ಮಳೆಗಾಲದ ತುಕ್ಕು ತಪ್ಪದು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆಂಬುದು ಬೋರ್ಡೋ ದ್ರಾವಣ ತಯಾರಿಸುವ ನಮಗೆ ತಿಳಿದದ್ದೇ. ಅದನ್ನು ಹೊರುವ ಜೀಪಿಗೂ ಅದೇ ಗತಿ.

ಒಮ್ಮೆ ನಾವು ಕಾಫಿ ಕಣದಲ್ಲಿ ನಡುಮಧ್ಯಾಹ್ನ ಪಾಲಿಶ್ ಹಚ್ಚಿದೆವು. ಕಾದ ತಗಡಿನ ಮೇಲೆ ಅದು ಒಣಗಿ ಕಚ್ಚಿಕೊಂಡಿತು. ಉಜ್ಜಿದಷ್ಟೂ ಧೂಳು ಬಣ್ಣವನ್ನು ಗೀರಿತು. ಅಂದು ಪಾಠ ಕಲಿತೆವು.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಮನೆಯ ನೆರಳಿನಲ್ಲಿ ಕೆಲಸ ಹಿಡಿಯಿರಿ. ಮರದಡಿ ಬೇಡ, ಅಂಟು, ಹಕ್ಕಿ ಹಿಕ್ಕೆ ಬೀಳುತ್ತವೆ. ಮೊದಲು ಧಾರಾಳ ನೀರಿನಿಂದ ಕೆಸರು ತೊಳೆದು ಒರೆಸಿರಿ. ತಗಡು ಕೈಗೆ ತಣ್ಣಗಿರಬೇಕು. ಒಂದು ಸಲಕ್ಕೆ ಮೊರದಗಲ ಜಾಗಕ್ಕಷ್ಟೇ ಹಚ್ಚಿ, ಮೆತ್ತನೆಯ ಹತ್ತಿಬಟ್ಟೆಯಿಂದ ಉಜ್ಜಿ ಮುಗಿಸಿರಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಮುಟ್ಟಿಸಬೇಡಿರಿ. ಅಂಚುಗಳಲ್ಲಿ ಬಣ್ಣ ತೆಳು, ಕೈ ಹಗುರವಾಗಿರಲಿ.

ಉಜ್ಜುವ ಪಾಲಿಶ್ ಪ್ರತಿ ಸಲವೂ ತುಸು ಬಣ್ಣವನ್ನು ತೆಗೆಯುತ್ತದೆ, ವರ್ಷಕ್ಕೊಮ್ಮೆ ಸಾಕು. ಬಣ್ಣವನ್ನು ಕಾಯುವುದು ಆಮೇಲೆ ಹಚ್ಚುವ ಮೇಣ. ಅಡಿಕೆಗೆ ಮಳೆಗೆ ಮುಂಚೆ ಔಷಧಿ ಹೊಡೆಯುವ ನಾವು, ಜೀಪಿಗೂ ಮಳೆಗೆ ಮುಂಚೆ ಮೇಣ ಹಚ್ಚೋಣ.