ಪತ್ತನಾಜೆಗೆ ಮುಗಿಯುವ ತಿರುಗಾಟ: ಊರ ಕ್ರಿಕೆಟ್ ತಂಡದ ಏಳುಬೀಳಿನ ಲೆಕ್ಕಾಚಾರ

ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಮೇ 24ರ ಆಸುಪಾಸಿನಲ್ಲಿ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ನೇಮ, ಕೋಲ, ಜಾತ್ರೆಗಳಿಗೆ ತೆರೆ ಬೀಳುತ್ತದೆ. ಪಂಚಾಂಗದಲ್ಲಿ ನಮೂದಾಗದಿದ್ದರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಗಿಯುವ ಇನ್ನೊಂದು ತಿರುಗಾಟವೂ ಉಂಟು. ಅದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಹವ್ಯಾಸಿ ಕ್ರಿಕೆಟ್ ತಂಡಗಳದ್ದು.

ಡಿಸೆಂಬರಿನಲ್ಲಿ ಟ್ರೋಫಿ ಎತ್ತಿದ ತಂಡ ಮಾರ್ಚ್‌ನಲ್ಲಿ ಮೊದಲ ಸುತ್ತಿನಲ್ಲೇ ಮನೆಗೆ ಮರಳುವುದು ಇಲ್ಲಿ ಸಾಮಾನ್ಯ ದೃಶ್ಯ. ಆಟದ ಮಟ್ಟ ಮೂರು ತಿಂಗಳಲ್ಲಿ ಅಷ್ಟೊಂದು ಕುಸಿಯಿತೇ? ಬಹುಪಾಲು ಸಂದರ್ಭಗಳಲ್ಲಿ ಇಲ್ಲ. ಮಳೆ, ಗದ್ದೆ, ಉದ್ಯೋಗ ಮತ್ತು ಹಣ ಎಂಬ ನಾಲ್ಕು ಸಂಗತಿಗಳು ಸ್ಕೋರ್ ಪುಸ್ತಕದ ಹೊರಗೆ ನಿಂತು ಊರ ತಂಡದ ಹಣೆಬರಹ ಬರೆಯುತ್ತವೆ.

ಆರೇ ತಿಂಗಳ ಅವಕಾಶ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ದಕ್ಷಿಣ ಕನ್ನಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಗಳು ಕೆಸರುಗದ್ದೆಗಳೇ ಸರಿ. ಏಣೆಲು ಬೆಳೆಯ ಕೊಯ್ಲು ಮುಗಿದು, ದೀಪಾವಳಿ ಕಳೆದು, ಗದ್ದೆ ಒಣಗಿದ ಮೇಲೆಯೇ ಪಂದ್ಯಾಟಗಳ ಭರಾಟೆ ಆರಂಭವಾಗುತ್ತದೆ. ಅಲ್ಲಿಂದ ಪತ್ತನಾಜೆಯವರೆಗಿನ ಆರು ತಿಂಗಳೇ ತಂಡಗಳ ಪಾಲಿಗೆ ಒಂದು ವರ್ಷ.

ಈ ಆರು ತಿಂಗಳಿಗೂ ಪೈಪೋಟಿ ಕಡಿಮೆಯಿಲ್ಲ. ಮೂಡುಬಿದಿರೆಯ ಕಡಲಕೆರೆ, ಬೆಳ್ತಂಗಡಿ ತಾಲೂಕಿನ ವೇಣೂರು ಮೊದಲಾದೆಡೆ ಕಂಬಳ ನಡೆಯುವುದು ಇದೇ ಅವಧಿಯಲ್ಲಿ. ಪೊಳಲಿಯ ಪ್ರಸಿದ್ಧ ಚೆಂಡಿನ ಉತ್ಸವವೂ ಮಾರ್ಚ್-ಏಪ್ರಿಲ್ ಸುಮಾರಿಗೇ ಬರುತ್ತದೆ. ಮದುವೆ, ನೇಮ, ಬ್ರಹ್ಮಕಲಶಗಳೂ ಇದೇ ಭಾನುವಾರಗಳನ್ನು ಕೇಳುತ್ತವೆ. ಹಗಲು ಸಾಲದೆ ಪಂದ್ಯಾಟಗಳು ಹೊನಲು ಬೆಳಕಿಗೆ ಹೊರಳಿದ್ದಕ್ಕೆ ಇದೂ ಒಂದು ಕಾರಣ.

ಹಿಂದೆ ಆಟಕ್ಕೆ ಬಳಕೆಯಾಗುತ್ತಿದ್ದ ಗದ್ದೆಗಳು ಈಗ ಕಡಿಮೆಯಾಗಿವೆ. ಭತ್ತದ ಬೇಸಾಯ ಹಿಂದೆ ಸರಿದಂತೆ ಅನೇಕ ಗದ್ದೆಗಳು ಅಡಿಕೆ ತೋಟಗಳಾದವು. ಬೆಂಜನಪದವಿನಂಥ ಹೆಸರುಗಳಲ್ಲಿ ಉಳಿದಿರುವ 'ಪದವು', ಅಂದರೆ ಮುರಕಲ್ಲಿನ ವಿಶಾಲ ಬಯಲು, ಹಲವೆಡೆ ಮನೆ, ಕಟ್ಟಡಗಳಿಗೆ ನೆಲೆಯಾಗಿದೆ. ಶಾಲಾ ಮೈದಾನ ಸಿಕ್ಕರೆ ಆಟ, ಇಲ್ಲವಾದರೆ ಅಭ್ಯಾಸವೇ ಇಲ್ಲದ ವಾರ ಎಂಬಂತಾಗಿದೆ ಎಷ್ಟೋ ತಂಡಗಳ ಸ್ಥಿತಿ.

ಮೂವತ್ತಾರು ಎಸೆತಗಳ ಜೂಜು

ಏಳುಬೀಳಿಗೆ ಎರಡನೆಯ ಕಾರಣ ಆಟದ ಸ್ವರೂಪದಲ್ಲೇ ಇದೆ. ಇಂಗ್ಲೆಂಡಿನಲ್ಲಿ 2003ರಲ್ಲಿ ಟ್ವೆಂಟಿ20 ಕಾಲಿಡುವ ಮೊದಲೇ ಕರಾವಳಿಯ ಊರುಗಳಿಗೆ ಕಿರು ಕ್ರಿಕೆಟ್ ಪರಿಚಿತವಾಗಿತ್ತು. ಆರು ಓವರಿನ ಪಂದ್ಯವೆಂದರೆ ತಂಡವೊಂದಕ್ಕೆ ದೊರೆಯುವುದು ಕೇವಲ 36 ಎಸೆತ. ಅದರಲ್ಲಿ ಒಂದು ಓವರ್ ಕೈಕೊಟ್ಟರೆ ಇನಿಂಗ್ಸಿನ ಆರನೆಯ ಒಂದು ಭಾಗವೇ ಹೋದಂತೆ. ಪಂದ್ಯ ಚಿಕ್ಕದಾದಷ್ಟೂ ಅದೃಷ್ಟದ ಪಾಲು ದೊಡ್ಡದು. ಲೀಗ್ ಮಾದರಿಯಾದರೆ ತಪ್ಪು ತಿದ್ದಿಕೊಳ್ಳಬಹುದು. ನಾಕೌಟ್‌ನಲ್ಲಿ ಪ್ರವೇಶ ಶುಲ್ಕವೂ ಹೋಯಿತು, ಭಾನುವಾರವೂ ಹೋಯಿತು.

ಕೆಲವು ಪಂದ್ಯಾಟಗಳು ಅಂಡರ್ ಆರ್ಮ್ ಮಾದರಿಯವು. ಕೈಯನ್ನು ಭುಜದ ಕೆಳಗಿನಿಂದ ಬೀಸಿ ಚೆಂಡೆಸೆಯುವ ಈ ಕ್ರಮ ಕ್ರಿಕೆಟ್ಟಿನ ಅತಿ ಹಳೆಯ ಶೈಲಿ. ಇಂಗ್ಲೆಂಡಿನಲ್ಲಿ ತಲೆಯ ಮೇಲಿನಿಂದ ಎಸೆಯಲು ನಿಯಮ ಒಪ್ಪಿದ್ದು 1864ರಲ್ಲಿ. 1981ರ ಫೆಬ್ರುವರಿ 1ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯದ ಟ್ರೆವರ್ ಚಾಪೆಲ್ ನ್ಯೂಜಿಲೆಂಡ್ ವಿರುದ್ಧ ಕೊನೆಯ ಎಸೆತವನ್ನು ನೆಲದ ಮೇಲೆ ಉರುಳಿಸಿದ ಬಳಿಕ ಅಂತಾರಾಷ್ಟ್ರೀಯ ಕ್ರಿಕೆಟ್ ಅದಕ್ಕೆ ಬಾಗಿಲು ಮುಚ್ಚಿತು. ಜಾಗ ಕಿರಿದಾದ ಈ ಊರುಗಳಲ್ಲಿ ಮಾತ್ರ ಅದು ಬದುಕುಳಿದಿದೆ.

ಹನ್ನೊಂದು ಮಂದಿ ಎಲ್ಲಿಂದ?

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಆಟಗಾರರದ್ದು. ಪದವಿ ಮುಗಿಸಿದ ಹುಡುಗ ಬೆಂಗಳೂರಿಗೋ ಮುಂಬೈಗೋ ಕೊಲ್ಲಿ ರಾಷ್ಟ್ರಗಳಿಗೋ ಹೊರಡುತ್ತಾನೆ. ಮಾರ್ಚ್ ಬಂತೆಂದರೆ ಉಳಿದವರಿಗೆ ಪರೀಕ್ಷೆ. ರಜೆಯಲ್ಲಿ ಊರಿಗೆ ಬಂದವರು ಸೇರಿದಾಗ ಬಲಿಷ್ಠವಾಗಿದ್ದ ತಂಡ, ಅವರು ವಿಮಾನವೋ ಬಸ್ಸೋ ಏರಿದ ಮಾರನೆಯ ವಾರ ಎಂಟು ಮಂದಿಗೆ ಇಳಿಯುತ್ತದೆ. ಆಗ ಅತಿಥಿ ಆಟಗಾರರಿಗೆ ಬುಲಾವ್ ಹೋಗುತ್ತದೆ. ಮುಕ್ತ ಪಂದ್ಯಾಟದಲ್ಲಿ ಇದು ನಡೆಯುತ್ತದೆ. ಗ್ರಾಮಕ್ಕೆ ಸೀಮಿತವಾದ ಪಂದ್ಯಾಟದಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಒಂದರಲ್ಲಿ ಗೆಲುವು ಸುಲಭ, ಇನ್ನೊಂದರಲ್ಲಿ ಊರಿನ ಹುಡುಗನಿಗೆ ಅವಕಾಶ. ಇವೆರಡರ ನಡುವಿನ ಆಯ್ಕೆಯೇ ಎಷ್ಟೋ ತಂಡಗಳೊಳಗಿನ ಮನಸ್ತಾಪದ ಮೂಲ.

ಚೆಂಡು ಬದಲಾದಾಗ

ಹಾಗಾದರೆ ಇಲ್ಲಿ ಮಿಂಚಿದ ಪ್ರತಿಭೆ ಮುಂದೆಲ್ಲಿಗೆ ಹೋಗಬೇಕು? ಸಾಮಾನ್ಯ ಟೆನಿಸ್ ಚೆಂಡಿನ ತೂಕ 60 ಗ್ರಾಂಗಿಂತ ಕಡಿಮೆ. ಕ್ರಿಕೆಟ್ಟಿನ ಚರ್ಮದ ಚೆಂಡು 156ರಿಂದ 163 ಗ್ರಾಂ. ಟೆನಿಸ್ ಚೆಂಡಿಗೆ ಎದ್ದುನಿಂತ ಹೊಲಿಗೆಯಿಲ್ಲ. ಎತ್ತರಕ್ಕೆ ಪುಟಿಯುವ ಅದನ್ನು ಅಡ್ಡಬ್ಯಾಟಿನಲ್ಲಿ ಬಾರಿಸಿ ಕಲಿತ ದಾಂಡಿಗ, ಚರ್ಮದ ಚೆಂಡಿನೆದುರು ನೇರ ಬ್ಯಾಟಿನ ಪಾಠವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ರಾಜ್ಯ ಕ್ರಿಕೆಟ್ ಸಂಸ್ಥೆಯ ಮಂಗಳೂರು ವಲಯದ ಲೀಗ್‌ಗಳು ನಡೆಯುವುದು ಈ ಚೆಂಡಿನಲ್ಲೇ.

ದೂರವೂ ಅಡ್ಡಬರುತ್ತದೆ. ಕೆ.ಎಲ್. ರಾಹುಲ್ ಬಾಲ್ಯದಲ್ಲಿ ಸುರತ್ಕಲ್‌ನಿಂದ ಮಂಗಳೂರಿನ ನೆಹರೂ ಮೈದಾನಕ್ಕೆ ಬಂದು ಸ್ಯಾಮ್ಯುವೆಲ್ ಜಯರಾಜ್ ಅವರಲ್ಲಿ ಪಳಗಿದರು. 2014ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಟೆಸ್ಟ್ ಆಡಿದರು. ಅವರ ಮನೆ ನಗರಕ್ಕೆ ಸನಿಹದಲ್ಲಿತ್ತು. ಬಿ.ಸಿ. ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿ.ಮೀ., ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ 60. ಶಾಲೆ ಬಿಟ್ಟ ಮೇಲೆ ಬಸ್ಸಿನಲ್ಲಿ ಹೋಗಿಬರುವುದು ಎಲ್ಲ ಮನೆಗಳಿಗೂ ನಿಲುಕುವ ಮಾತಲ್ಲ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್, ಪುತ್ತೂರಿನ ರಘುರಾಮ ಭಟ್ ಅವರೂ ಟೆಸ್ಟ್ ಮಟ್ಟಕ್ಕೇರಿದ್ದು ಊರಿನಿಂದ ಹೊರಗೆ ಆಡಿಯೇ.

ಇತ್ತೀಚೆಗೆ ಕೆಲವು ಹೊಸ ದಾರಿಗಳು ತೆರೆದಿವೆ. 2024ರ ಮಾರ್ಚ್‌ನಲ್ಲಿ ಥಾಣೆಯಲ್ಲಿ ಆರಂಭವಾದ ಇಂಡಿಯನ್ ಸ್ಟ್ರೀಟ್ ಪ್ರೀಮಿಯರ್ ಲೀಗ್ ಟೆನಿಸ್ ಚೆಂಡಿನ ಆಟಗಾರರಿಗಾಗಿಯೇ ರೂಪುಗೊಂಡಿತು. ಬೆಂಗಳೂರಿನ ಹೆಸರಿನಲ್ಲೂ ಅದರಲ್ಲಿ ತಂಡವಿತ್ತು. ಚರ್ಮದ ಚೆಂಡಿನ ಮಹಾರಾಜ ಟ್ರೋಫಿಯನ್ನು 2025ರಲ್ಲಿ ಮಂಗಳೂರು ಡ್ರ್ಯಾಗನ್ಸ್ ಗೆದ್ದುಕೊಂಡಿತು. ಆದರೆ ಅಂಥ ವೇದಿಕೆಗಳಲ್ಲಿ ಸ್ಥಾನ ಕೆಲವರಿಗೆ ಮಾತ್ರ. ಉಳಿದ ನೂರಾರು ಹುಡುಗರಿಗೆ ಊರ ತಂಡವೇ ಮೊದಲ ಮೆಟ್ಟಿಲು, ಕೊನೆಯದೂ ಅದೇ.

ಆದ್ದರಿಂದಲೇ ತಂಡದ ಉಳಿವಿಗೆ ಟ್ರೋಫಿಯಾಚೆಗಿನ ಬೆಲೆಯಿದೆ. ಬ್ಯಾಟು ಹಿಡಿಯುವ ಕೈಗಳೇ ಅನೇಕ ಊರುಗಳಲ್ಲಿ ಅಷ್ಟಮಿಗೆ ಮೊಸರುಕುಡಿಕೆ ಕಟ್ಟುತ್ತವೆ, ರಕ್ತದಾನ ಶಿಬಿರ ನಡೆಸುತ್ತವೆ, ಮಳೆಗೆ ಮರ ಬಿದ್ದರೆ ಕತ್ತಿ ಹಿಡಿದು ಓಡುತ್ತವೆ. ತಂಡ ಒಡೆದರೆ ಇವೂ ಸೊರಗುತ್ತವೆ.

ಪತ್ತನಾಜೆ ಕಳೆದು ಮಳೆ ಹಿಡಿದಾಗ ಸ್ಟಂಪುಗಳು ಯಾರದೋ ಮನೆಯ ಅಟ್ಟ ಸೇರುತ್ತವೆ. ದೀಪಾವಳಿಯ ಮರುವಾರ ಅವನ್ನು ಕೆಳಗಿಳಿಸಲು ಹನ್ನೊಂದು ಮಂದಿ ಕೂಡಿದರೆ, ಹಿಂದಿನ ಋತುವಿನ ಸೋಲುಗಳೆಲ್ಲ ಮಾಫಿ.