ಹುಸಿ ವಿಳಾಸ

ಮಧುಗಿರಿಯಿಂದ ಉತ್ತರಕ್ಕೆ ಸಾಗಿದರೆ ಪಾವಗಡದ ಸೀಮೆ. ಅಲ್ಲಿ ಮಳೆಗೆ ಬರ, ಬಿಸಿಲಿಗೆ ಬರವಿಲ್ಲ. ಆ ಬಿಸಿಲನ್ನೇ ಬೆಳೆಯಂತೆ ಕೊಯ್ಯಲು ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲದಲ್ಲಿ ಹಬ್ಬಿದ ಸೋಲಾರ್ ಪಾರ್ಕು 2019ರಲ್ಲಿ ಪೂರ್ಣಗೊಂಡಿತು. ಅದೇ ವರ್ಷ ಕೇಂದ್ರ ಸರ್ಕಾರವು ರೈತರಿಗೆ ಸಹಾಯಧನದೊಡನೆ ಸೌರ ಪಂಪು ಒದಗಿಸುವ ‘ಪಿಎಂ ಕುಸುಮ್’ ಯೋಜನೆಯನ್ನು ಆರಂಭಿಸಿತು. ವಿದ್ಯುತ್ತಿಗಾಗಿ ರಾತ್ರಿಯೆಲ್ಲ ಕಾದು ಗದ್ದೆಗೆ ನೀರು ಹಾಯಿಸುವವನಿಗೆ ಇದಕ್ಕಿಂತ ಸಿಹಿಯಾದ ಸುದ್ದಿ ಯಾವುದುಂಟು?

ವಂಚಕರೂ ಇಂಥ ಸುದ್ದಿಗಾಗಿಯೇ ಕಾದಿರುತ್ತಾರೆ. ಯೋಜನೆಯ ಹೆಸರನ್ನು ಹೊತ್ತ ನಕಲಿ ಜಾಲತಾಣಗಳು ಬಹುಬೇಗ ತಲೆಯೆತ್ತಿದವು. ನೋಂದಣಿಯ ನೆಪದಲ್ಲಿ ಅವು ರೈತರಿಂದ ಹಣವನ್ನೂ ವೈಯಕ್ತಿಕ ವಿವರಗಳನ್ನೂ ಕಸಿದವು. ಇವುಗಳನ್ನು ನಂಬಬೇಡಿರೆಂದು ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ಮತ್ತೆ ಮತ್ತೆ ಎಚ್ಚರಿಸಬೇಕಾಯಿತು.

ಸರ್ಕಾರದ ಲಾಂಛನವನ್ನೂ ಮಂತ್ರಿಗಳ ಚಿತ್ರವನ್ನೂ ಯಾರು ಬೇಕಾದರೂ ನಕಲು ಮಾಡಬಲ್ಲರು. ಆದುದರಿಂದ ತಾಣದ ಮುಖವನ್ನು ನೋಡಿ ಫಲವಿಲ್ಲ, ವಿಳಾಸವನ್ನು ನೋಡಬೇಕು. ಅಂಚೆಯ ಲಕೋಟೆಯ ಮೇಲೆ ನಾವು ಮೊದಲು ಹೆಸರು, ಬಳಿಕ ಊರು, ತಾಲ್ಲೂಕು, ಜಿಲ್ಲೆ ಎಂದು ಬರೆಯುತ್ತೇವೆ. ಕಾಗದವನ್ನು ವಿಂಗಡಿಸುವವನು ಮಾತ್ರ ಕೊನೆಯ ಸಾಲಿನಿಂದ ಓದತೊಡಗುತ್ತಾನೆ. ಜಾಲತಾಣದ ವಿಳಾಸವನ್ನೂ ಹೀಗೆಯೇ, ಮೊದಲ ಓರೆಗೆರೆಯವರೆಗಿನ ಭಾಗವನ್ನು ತೆಗೆದುಕೊಂಡು, ಬಲದಿಂದ ಎಡಕ್ಕೆ ಓದಬೇಕು. ಯೋಜನೆಯ ನಿಜವಾದ ವಿಳಾಸ ‘ಪಿಎಂಕುಸುಮ್ ಡಾಟ್ ಎಂಎನ್‌ಆರ್‌ಇ ಡಾಟ್ ಗವ್ ಡಾಟ್ ಇನ್’. ‘ಇನ್’ ಎಂದರೆ ಭಾರತ, ‘ಗವ್’ ಎಂದರೆ ಸರ್ಕಾರ, ಮುಂದಿನದು ಸಚಿವಾಲಯ, ಕಡೆಗೆ ಯೋಜನೆ. ‘ಗವ್ ಡಾಟ್ ಇನ್’ ಎಂಬ ಕೊನೆ ಸರ್ಕಾರಿ ಸಂಸ್ಥೆಗಳಿಗಲ್ಲದೆ ಇತರರಿಗೆ ದೊರೆಯದು. ‘ಕೋ ಡಾಟ್ ಇನ್’, ‘ಡಾಟ್ ಕಾಮ್’ ಮೊದಲಾದವನ್ನಾದರೋ ಕೆಲವು ನೂರು ರೂಪಾಯಿ ತೆತ್ತು ಯಾರೂ ಕೊಳ್ಳಬಹುದು. ಮೋಸಗಾರರು ‘ಗವ್’ ಎಂಬುದನ್ನು ನಡುವೆ ತುರುಕುವುದೂ ಉಂಟು; ಕೊನೆಯನ್ನು ನೋಡುವವನು ಅದಕ್ಕೆ ಮರುಳಾಗನು. ವಿಳಾಸದ ಪಕ್ಕದ ಬೀಗದ ಚಿಹ್ನೆಯನ್ನು ನಂಬಿ ಕೆಟ್ಟವರೂ ಇದ್ದಾರೆ. ದಾರಿಯಲ್ಲಿ ಇತರರು ಇಣುಕಲಾರರೆಂದಷ್ಟೇ ಅದರ ಅರ್ಥ. ದಾರಿಯ ಕೊನೆಯಲ್ಲಿ ಕುಳಿತವನು ಕಳ್ಳನಲ್ಲವೆಂದಲ್ಲ.

ಬ್ಯಾಂಕುಗಳ ವಿಳಾಸಕ್ಕೂ ಇಂಥ ಗುರುತು ಬೇಕೆಂದು ರಿಸರ್ವ್ ಬ್ಯಾಂಕು ಮನಗಂಡಿತು. ಅವುಗಳ ತಾಣಗಳೆಲ್ಲ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂದು 2025ರಲ್ಲಿ ಆದೇಶಿಸಿತು. ಈ ಕ್ರಮ ಇನ್ನೂ ಮೊದಲೇ ಬರಬೇಕಿತ್ತು.

ಇಂಥ ತಾಣಗಳಿಗೆ ನಮ್ಮನ್ನು ಸೆಳೆಯುವುದು ಬಹುಮಟ್ಟಿಗೆ ಮಿಂಚಂಚೆ ಇಲ್ಲವೆ ಮೊಬೈಲಿನ ಸಂದೇಶ. ಗಾಳ ಹಾಕಿ ಮೀನು ಹಿಡಿಯುವಂತಹ ಈ ವಂಚನೆಗೆ ‘ಫಿಶಿಂಗ್’ ಎಂಬ ಹೆಸರು 1990ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ‘ಇಂದೇ ಕಡೆಯ ದಿನ’, ‘ಖಾತೆ ಮುಚ್ಚಲಾಗುವುದು’ ಎಂಬ ಅವಸರವೇ ಅದರ ಎರೆ. ಕಳುಹಿಸಿದವರ ಹೆಸರಿನ ಜಾಗದಲ್ಲಿ ಏನನ್ನು ಬೇಕಾದರೂ ಬರೆಯಬಹುದು. ಅದರ ಹಿಂದಿರುವ ವಿಳಾಸವನ್ನು ತೆರೆದು ನೋಡಬೇಕು. ಬಂದ ಕೊಂಡಿಯನ್ನು ಒತ್ತದೆ, ತಿಳಿದ ವಿಳಾಸವನ್ನು ಕೈಯಾರೆ ಬರೆದು ಹೋಗುವುದು ಇನ್ನೂ ಲೇಸು.

ಇಷ್ಟಾದರೂ ಹಣ ಹೋಯಿತೆನ್ನಿ. ಆಗ ಹಿರಿಯರು ನಾಚಿಕೆಯಿಂದ ಮನೆಯಲ್ಲಿಯೂ ಬಾಯಿಬಿಡದೆ ಇರುವುದುಂಟು. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಕೈಮೀರಿ ಹೋಗುತ್ತದೆ. ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿದರೆ ಅದನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆಯುಂಟು. ಹೋದ ಮೊತ್ತ, ಹೊತ್ತು, ವ್ಯವಹಾರದ ಸಂಖ್ಯೆ ಇವು ಕೈಯಲ್ಲಿರಲಿ. ಬ್ಯಾಂಕಿಗೂ ಆಗಲೇ ತಿಳಿಸಿ, ಗುಪ್ತಪದವನ್ನು ಬದಲಿಸಬೇಕು.